ಪಲ್ಟಿಯಾದರೂ ನಿಲ್ಲದ ಮೈದಾನ

ಹೊಸಪೇಟೆ

ಥಾಯ್ಲೆಂಡಿಗೆ ಹೋಗಿ ಬಂದೆ ಎಂದರೆ ಸಮುದ್ರ ನೋಡಿದೆಯಾ, ಆನೆ ನೋಡಿದೆಯಾ, ಬಂಗಾರದ ಬುದ್ಧನನ್ನು ನೋಡಿದೆಯಾ ಎಂದು ಎಲ್ಲರೂ ಕೇಳುತ್ತಾರೆ. ನಾನು ಅಲ್ಲಿ ಹೆಚ್ಚಾಗಿ ನೋಡಿದ್ದು ನಮ್ಮ ಪಂಪಣ್ಣನ ಎಡಗಾಲನ್ನು.

ಪಂಪಣ್ಣ ನನ್ನ ದೊಡ್ಡಪ್ಪನ ಮಗ. ಹೊಸಪೇಟೆಯಲ್ಲಿ ಟೈರಿನ ಅಂಗಡಿ ಇಟ್ಟುಕೊಂಡಿದ್ದಾನೆ. ನಾನು ಕಂಪ್ಲಿಯಲ್ಲಿ ನಮ್ಮ ಮನೆಯವರ ಅಕ್ಕಿ ಗಿರಣಿಗೆ ಬರುವ ಭತ್ತದ ತೇವ ಪರೀಕ್ಷಿಸಿ ಬರೆದಿಡುತ್ತೇನೆ. ಯಾವ ಲಾರಿ, ಎಷ್ಟು ಚೀಲ, ಎಷ್ಟು ತೇವ ಎಂದು ಹಗಲೆಲ್ಲ ಬರೆಯುವ ಕೈ ಮನೆಗೆ ಬಂದ ಮೇಲೂ ಸುಮ್ಮನಿರುವುದಿಲ್ಲ. ಹಾಗಾಗಿ ದಿನಚರಿ. ಇನ್ನೊಂದು ಚಟ ನನಗೂ ಅವನಿಗೂ ಸೇರಿದ್ದು, ರಿಮೋಟಿನಿಂದ ಓಡಿಸುವ ಪುಟ್ಟ ರೇಸು ಕಾರು. ಅದಕ್ಕೆ ಬಗ್ಗಿ ಎನ್ನುತ್ತಾರೆ.

ಇದು ಜಾತ್ರೆಯಲ್ಲಿ ಸಿಗುವ ಆಟಿಕೆಯಲ್ಲ. ಒಂದು ಮೊಳ ಉದ್ದ, ಒಂದೂವರೆ ಕಿಲೋ ತೂಕ. ನಡುವೆ ಒಂದು ಮೋಟರು, ಅದರಿಂದ ಮುಂದಕ್ಕೂ ಹಿಂದಕ್ಕೂ ಹೋಗುವ ದಂಡ. ನಾಲ್ಕೂ ಚಕ್ರಗಳು ಒಟ್ಟಿಗೆ ಮಣ್ಣು ಕೆದರುತ್ತವೆ. ಕೈಯಲ್ಲಿ ಪಿಸ್ತೂಲಿನ ಆಕಾರದ ರಿಮೋಟು, ತೋರುಬೆರಳ ಕೆಳಗೆ ಟ್ರಿಗರು. ಒತ್ತಿದರೆ ಓಟ, ಬಿಟ್ಟರೆ ನಿಲುಗಡೆ. ನೇರ ದಾರಿಯಲ್ಲಿ ಬಿಟ್ಟಾಗ ಬೈಕಿನ ವೇಗದಲ್ಲಿ ಹೋಗುತ್ತದೆ. ಆ ವೇಗದ ಗಾಡಿ ಒಬ್ಬರ ಮೊಣಕಾಲ ಕೆಳಗೆ ಬಡಿದರೆ ಏನಾದೀತು ಎಂದು ಯೋಚಿಸುವ ಅಗತ್ಯ ನಮ್ಮೂರಲ್ಲಿ ಬಂದಿರಲಿಲ್ಲ.

ಪಂಪಣ್ಣನ ಎಡಗಾಲಿನಲ್ಲಿ, ಮೊಣಕಾಲ ಕೆಳಗಿನ ಎಲುಬಿನೊಳಗೆ, ಉಕ್ಕಿನ ಸರಳಿದೆ. ಪಾಪಿನಾಯಕನಹಳ್ಳಿ ಹತ್ತಿರ ಅದಿರಿನ ಲಾರಿಯೊಂದಕ್ಕೆ ದಾರಿ ಬಿಡಲು ಹೋಗಿ ಬೈಕಿನಿಂದ ಬಿದ್ದಿದ್ದ. ಎರಡು ಸಲ ಆಪರೇಷನ್ ಆಯಿತು. ಈಗ ನಡೆಯುತ್ತಾನೆ, ಮೆಟ್ಟಿಲು ಹತ್ತುತ್ತಾನೆ, ದಣಿದಾಗ ಮಾತ್ರ ಸ್ವಲ್ಪ ಎಳೆಯುತ್ತಾನೆ. ಆದರೆ ಅದೇ ಜಾಗಕ್ಕೆ ಇನ್ನೊಂದು ಪೆಟ್ಟು ಬಿದ್ದರೆ ಮತ್ತೆ ಕೂಡಿಸುವುದು ತಮ್ಮ ಕೈಯಲ್ಲಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ನಾವು ಭಾನುವಾರಗಳಲ್ಲಿ ಬಗ್ಗಿ ಓಡಿಸುವುದು ಸಂಡೂರಿನ ಗುಡ್ಡದ ಬುಡದಲ್ಲಿ, ಗೆಳೆಯನೊಬ್ಬನ ಬೀಳು ಹೊಲದಲ್ಲಿ. ಏಳೆಂಟು ಮಂದಿ ಸೇರುತ್ತೇವೆ. ಮೊದಲು ಯಾರ ಗಾಡಿ ಪಲ್ಟಿಯಾದರೆ ಅವರೇ ಓಡಿಹೋಗಿ ಎತ್ತುತ್ತಿದ್ದರು. ಆಸ್ಪತ್ರೆಯಿಂದ ಬಂದ ಮೇಲಿನ ಮೊದಲ ಭಾನುವಾರ ಪಂಪಣ್ಣನ ಗಾಡಿ ಅಡಿಮೇಲಾಯಿತು. ಅವನು ಕೋಲೂರಿಕೊಂಡು ಹೊರಟ. ಎಲ್ಲರೂ ತಾವಾಗಿಯೇ ಟ್ರಿಗರಿನಿಂದ ಬೆರಳು ತೆಗೆದರು. ಬಗ್ಗಿಗಳೆಲ್ಲ ಇದ್ದಲ್ಲೇ ನಿಂತವು. ಅವನು ಹೋಗಿ, ಎತ್ತಿಟ್ಟು, ತಿರುಗಿ ಬಂದು ರಿಮೋಟು ಹಿಡಿದ ಮೇಲೆ ರೇಸು ಮುಂದುವರಿಯಿತು. ಕೋಲು ಬಿಟ್ಟು ಎಷ್ಟೋ ಕಾಲವಾದರೂ ಆ ರೂಢಿ ಉಳಿಯಿತು. ಯಾರದೇ ಬೀಳಲಿ, ಎಲ್ಲರೂ ನಿಲ್ಲಬೇಕು. ನಮ್ಮ ಬೆರಳುಗಳು ಈಗ ಕೇಳದೆಯೇ ಮೇಲೇಳುತ್ತವೆ.

ಹಂಪಿ ನೋಡಲು ಬಂದು, ಸಂಡೂರಿನ ಗುಡ್ಡಗಳನ್ನೂ ನೋಡಿಹೋಗೋಣವೆಂದು ಆ ಕಡೆ ಹಾಯ್ದಿದ್ದ ಥಾಯ್ ಹೆಂಗಸೊಬ್ಬಳು ಮೋಟರಿನ ಸದ್ದು ಕೇಳಿ ಕಾರಿನಿಂದ ಇಳಿದಳು. ಹೆಸರು ನೋಯ್, ವಯಸ್ಸು ಐವತ್ತರ ಆಚೀಚೆ. ಬ್ಯಾಂಕಾಕಿನ ಆಚೆ ಇಂಥದೇ ಒಂದು ಮೈದಾನ ಅವಳದೇ ಇದೆಯಂತೆ. ಸಂಜೆಯವರೆಗೆ ನಮ್ಮ ಧೂಳಿನಲ್ಲಿ ಕೂತಿದ್ದು, ಮುಂದಿನ ಓಪನ್ ರೇಸಿಗೆ, ಯಾರು ಬೇಕಾದರೂ ಸೇರಬಹುದು, ನೀವು ಬರಬೇಕು ಎಂದು ಕರೆದು ಹೋದಳು. ಉಳಿದವರು ನಕ್ಕು ಬಿಟ್ಟರು. ಪಂಪಣ್ಣ ಪಾಸ್‌ಪೋರ್ಟ್ ಮಾಡಿಸಿದ, ನನ್ನಿಂದಲೂ ಮಾಡಿಸಿದ.

ಹೊರಡುವ ದಿನ ದೊಡ್ಡವ್ವ ಕಟಕ ರೊಟ್ಟಿಯ ಗಂಟು ನನ್ನ ಕೈಗಿಟ್ಟು, ಮಗ ಅತ್ತ ಹೋದ ಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು. "ನಡಕೊಂತ ಹೋದಾವ ನಡಕೊಂತ ಬರಬೇಕು ನೋಡವ್ವ. ಅವ ಯಾರ ಮಾತೂ ಕೇಳೂದಿಲ್ಲ. ನಿನ್ನ ಮ್ಯಾಲೆ ಹಾಕೀನಿ."

ವಿಮಾನ ನಿಲ್ದಾಣ

ಬಗ್ಗಿಯ ಬ್ಯಾಟರಿ ಬೆಂಕಿಯ ಜಾತಿಯದು. ಪೆಟ್ಟು ಬಿದ್ದರೆ, ಉಬ್ಬಿದರೆ, ತಂತಿಗೆ ತಂತಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಮನೆಯಲ್ಲಿ ಅದನ್ನು ಮಣ್ಣಿನ ಮಡಕೆಯೊಳಗಿಟ್ಟು ಚಾರ್ಜ್ ಮಾಡುತ್ತೇವೆ. ವಿಮಾನದಲ್ಲಿ ದೊಡ್ಡ ಪೆಟ್ಟಿಗೆಯೊಳಗೆ ಕಳಿಸುವಂತಿಲ್ಲ, ಕೈಚೀಲದಲ್ಲೇ ಒಯ್ಯಬೇಕು. ಒಂದೊಂದರ ತುದಿಗೂ ಟೇಪು ಸುತ್ತಿ, ಒಂದೊಂದನ್ನೂ ಬೇರೆ ಬೇರೆ ಬೆಂಕಿ ತಡೆಯುವ ಚೀಲದಲ್ಲಿಟ್ಟು, ಮೇಲೆ ಅದರ ಶಕ್ತಿ ಎಷ್ಟೆಂದು ಚೀಟಿ ಅಂಟಿಸಿದ್ದೆ. ಸಾಲಿನಲ್ಲಿ ನಿಂತಾಗ ನನ್ನ ಅಂಗೈ ಎಷ್ಟು ಬೆವತಿತ್ತೆಂದರೆ ಚೀಟಿಯ ಮೇಲಿನ ಶಾಯಿ ಕದಡಿತು.

ಬ್ಯಾಟರಿಗಳನ್ನು ತಿರುಗಿಸಿ ನೋಡಿ ಬಿಟ್ಟರು. ತಡೆದದ್ದು ಪಂಪಣ್ಣನನ್ನು. ಅವನು ಹಾಯ್ದಾಗಲೆಲ್ಲ ಯಂತ್ರ ಕೂಗುತ್ತಿತ್ತು. ಬೆಲ್ಟು ತೆಗೆಸಿದರು, ಉಡುದಾರ ಕೇಳಿದರು, ಮತ್ತೆ ಕೂಗಿತು. ಕೊನೆಗೆ ಅವನು ಪ್ಯಾಂಟು ಮೊಣಕಾಲವರೆಗೆ ಮಡಚಿ, ಉದ್ದ ಹೊಲಿಗೆಯ ಗುರುತು ತೋರಿಸಿ, ಒಳಗೆ ಕಬ್ಬಿಣ ಇದೆಯೆಂದು ಬೆರಳಿನಿಂದ ತಟ್ಟಿದ. ಕಾವಲಿನವನು ಅದನ್ನು ಬಾಗಿ ನೋಡಿ, ಈಗ ನೋಯುತ್ತದೆಯೇ ಎಂದು ಕೇಳಿದ. ಇಲ್ಲ ಎಂದ ಪಂಪಣ್ಣ. ನಾನು ಹಿಂದೆ ನಿಂತು ಆ ಗುರುತನ್ನು ನೋಡುತ್ತಿದ್ದೆ. ಅಷ್ಟು ಬೆಳಕಿನಲ್ಲಿ ನಾನದನ್ನು ನೋಡಿರಲಿಲ್ಲ. ಚರ್ಮ ಅಲ್ಲಿ ಹಾಲಿನ ಕೆನೆಯಷ್ಟು ತೆಳ್ಳಗಿತ್ತು.

ಶುಕ್ರವಾರ, ಮೈದಾನ

ನೋಯ್ ತಾನೇ ಕಾರು ತಂದು ನಮ್ಮನ್ನು ಕರೆದೊಯ್ದಳು. ಅಲ್ಲಿ ತಮಗಿಂತ ಹಿರಿಯರನ್ನು, ಗಂಡಾಗಲಿ ಹೆಣ್ಣಾಗಲಿ, 'ಪೀ' ಎನ್ನುತ್ತಾರೆ. ನಮ್ಮ ಅಣ್ಣನೂ ಅಕ್ಕನೂ ಆ ಒಂದೇ ಅಕ್ಷರದಲ್ಲಿ ಅಡಗಿದ್ದಾರೆ. ಆದ್ದರಿಂದ ಅವಳು ನಮಗೂ ಪೀ ನೋಯ್ ಆದಳು. ದಾರಿಯಲ್ಲಿ ಪ್ರತಿ ಅಂಗಡಿ, ಪ್ರತಿ ಪೆಟ್ರೋಲ್ ಬಂಕಿನ ಮುಂದೆಯೂ ಕಂಬದ ಮೇಲೆ ಒಂದು ಗುಬ್ಬಿಗೂಡಿನಂಥ ಗುಡಿ, ಅದರ ಮುಂದೆ ಸ್ಟ್ರಾ ಹಾಕಿಟ್ಟ ಕೆಂಪು ಪಾನಕದ ಬಾಟಲಿ. ಆ ಜಾಗದ ದೇವತೆಗೆ ಬಾಯಾರಬಾರದಂತೆ. ನಮ್ಮಲ್ಲಿ ಹೊಲದ ಬದುವಿನ ಕಲ್ಲಿಗೆ ಎಡೆ ಇಡುವ ದೊಡ್ಡವ್ವನಿಗೆ ಇದನ್ನು ತೋರಿಸಬೇಕಿತ್ತು. ಮೈದಾನದ ಬಾಗಿಲಲ್ಲೂ ಒಂದಿತ್ತು. ಪಂಪಣ್ಣ ಚಪ್ಪಲಿ ಬಿಟ್ಟು ಕೈಮುಗಿದ. ನಾನು ಬೇಡಿಕೊಂಡದ್ದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ.

ಮೈದಾನಕ್ಕಿಳಿದು ನೆಲವನ್ನು ಕೈಯಿಂದ ಮುಟ್ಟಿ ನೋಡಿದೆ. ನಮ್ಮದು ಸಡಿಲ ಕೆಂಪು ಧೂಳು, ಚಕ್ರ ಒತ್ತಿದರೆ ಜಾರುತ್ತದೆ. ಅಲ್ಲಿನದು ನೀರು ಹೊಡೆದು ಒತ್ತಿ ಒಣಗಿಸಿದ ಜೇಡಿ. ತಿರುವುಗಳಲ್ಲಿ ಟೈರಿನ ರಬ್ಬರು ಕೂತು ಕರ್ರಗೆ ಹೊಳೆಯುತ್ತಿತ್ತು. ಊರಿನ ಧೂಳಿಗೆ ಹೊಂದಿಸಿದ್ದ ಹಾಗೆಯೇ ಬಗ್ಗಿಯನ್ನು ಓಡಿಸಿದೆ. ಮೊದಲ ತಿರುವಿಗೆ ನೆಲ ಟೈರನ್ನು ಹಿಡಿದುಕೊಂಡಿತು, ಗಾಡಿ ಬದಿಗೆ ಉರುಳಿತು. ಎರಡನೆಯ ತಿರುವಿನಲ್ಲೂ ಅದೇ. ಜಾರದ ನೆಲದ ಮೇಲೆ ಓಡಿಸುವುದು ನಮಗೆ ಗೊತ್ತಿರಲಿಲ್ಲ.

ಮಧ್ಯಾಹ್ನವೆಲ್ಲ ಮೇಜಿನ ಮುಂದೆ ಕೂತು ಎರಡೂ ಗಾಡಿಗಳನ್ನು ಬಿಚ್ಚಿದೆವು. ಧೂಳಿಗೆಂದು ಎತ್ತರಿಸಿದ್ದ ಹೊಟ್ಟೆಯನ್ನು ನೆಲಕ್ಕೆ ತಗ್ಗಿಸಿದೆವು. ಮೆತ್ತನೆಯ ಸ್ಪ್ರಿಂಗು ತೆಗೆದು ಬಿರುಸಿನದು ಹಾಕಿದೆವು. ಶಾಕ್ ಅಬ್ಸಾರ್ಬರುಗಳೊಳಗಿನ ತೆಳುವಾದ ಎಣ್ಣೆ ಚೆಲ್ಲಿ ದಪ್ಪ ಎಣ್ಣೆ ತುಂಬಿದೆವು. ಉದ್ದ ಮುಳ್ಳಿನ ಟೈರು ಬಿಟ್ಟು ಸಣ್ಣ ಹಲ್ಲಿನ ಟೈರು. ಪೀ ನೋಯ್ ಬಂದು ಒಂದು ಟೈರನ್ನು ಹಿಂಡಿ ನೋಡಿ, ಅದರ ಹೊರಬದಿಯ ಸುತ್ತ ಫೆವಿಕ್ವಿಕ್ಕಿನಂಥ ಅಂಟನ್ನು ತೆಳುವಾಗಿ ಸವರಿದಳು. ಒಣಗಿ ಗಟ್ಟಿಯಾದ ಬದಿ ನೆಲವನ್ನು ಹಿಡಿಯುವುದಿಲ್ಲ, ಗಾಡಿ ಉರುಳುವುದಿಲ್ಲ. ದಿನವೂ ಟೈರು ಮುಟ್ಟುವ ಪಂಪಣ್ಣ ಅದನ್ನು ಕಂಡು ಸಂತೋಷಪಟ್ಟ. ಪ್ರತಿ ಬದಲಾವಣೆಯನ್ನೂ ನಾನು ಬರೆದುಕೊಂಡೆ. ಸಂಜೆ ಹೊತ್ತಿಗೆ ಗಾಡಿ ನೆಲಕ್ಕೆ ಅಂಟಿಕೊಂಡು ತಿರುಗತೊಡಗಿತು. ಒಂದು ಭಯ ಕಳೆಯಿತು ಎಂದುಕೊಂಡೆ.

ಆಮೇಲೆ ಪೀ ನೋಯ್ ನಿಯಮಗಳನ್ನು ಹೇಳಿದಳು. ಚಾಲಕರು ಎತ್ತರದ ಅಟ್ಟದ ಮೇಲೆ ನಿಂತು ಓಡಿಸಬೇಕು. ಗಾಡಿ ಪಲ್ಟಿಯಾದರೆ ಕೆಳಗಿಳಿಯುವಂತಿಲ್ಲ. ಮೈದಾನದ ಒಳಗೆ ನಿಂತ ಮಾರ್ಷಲ್ ಎತ್ತಿಡುತ್ತಾನೆ. ಮಾರ್ಷಲ್ ಎಂದರೆ ಬೇರೆ ಯಾರೂ ಅಲ್ಲ. ತಮ್ಮ ರೇಸು ಮುಗಿಸಿದವರೇ ಮುಂದಿನ ರೇಸಿಗೆ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಒಳಗೆ ನಿಲ್ಲಬೇಕು. ನಿಲ್ಲದಿದ್ದರೆ ಅವರ ಎಲ್ಲಕ್ಕಿಂತ ಒಳ್ಳೆಯ ಓಟವನ್ನು ಲೆಕ್ಕದಿಂದ ತೆಗೆಯುತ್ತಾರೆ. ಮತ್ತು ರೇಸು ಯಾರಿಗಾಗಿಯೂ ನಿಲ್ಲುವುದಿಲ್ಲ.

ನಾನು ಪಂಪಣ್ಣನ ಕಾಲನ್ನು ನೋಡಿದೆ. ಅವನು ತಲೆಯಾಡಿಸುತ್ತ ರೊಟ್ಟಿ ಮುರಿಯುತ್ತಿದ್ದ. ಪಕ್ಕದ ಮೇಜಿನವರು ಆ ರೊಟ್ಟಿಯನ್ನು ಚಿಪ್ಸಿನಂತೆ ಕಟಕಟನೆ ಕಡಿದು ಇನ್ನೂ ಕೇಳಿದರು.

ಶನಿವಾರ ಬೆಳಿಗ್ಗೆ

ಎಂಟು ಗಂಟೆಗೆ ಧ್ವನಿವರ್ಧಕದಲ್ಲಿ ಅವರ ರಾಷ್ಟ್ರಗೀತೆ ಬಂತು. ಸ್ಕ್ರೂ ತಿರುಗಿಸುತ್ತಿದ್ದವರು, ಐಸ್ ಹಾಕಿದ ಕಾಫಿ ಕುಡಿಯುತ್ತಿದ್ದವರು, ಶೌಚಾಲಯಕ್ಕೆ ಹೊರಟವರು, ಎಲ್ಲರೂ ಇದ್ದಲ್ಲೇ ಕಂಬದಂತೆ ನಿಂತರು. ಮುಗಿದ ಕೂಡಲೇ ಏನೂ ಆಗದವರಂತೆ ಮುಂದುವರಿದರು. ದಿನಾ ಹೀಗೇ ಎಂದು ಪೀ ನೋಯ್ ಹೇಳಿದಳು. ಹಾಡಿಗೆ ಇಷ್ಟು ಚೆನ್ನಾಗಿ ನಿಲ್ಲುವ ಜನ ಬಿದ್ದವನಿಗೆ ನಿಲ್ಲುವುದಿಲ್ಲ ಎಂಬುದು ನನ್ನ ಮನಸ್ಸಿನಲ್ಲಿ ಹೊಂದಿಕೊಳ್ಳಲಿಲ್ಲ.

ಮೊದಲ ರೇಸಿನಲ್ಲಿ ನಾನೂ ಪಂಪಣ್ಣನೂ ಒಂದೇ ಗುಂಪಿನಲ್ಲಿದ್ದೆವು. ಹತ್ತು ಗಾಡಿ. ಅಟ್ಟದ ಮೇಲೆ ಭುಜಕ್ಕೆ ಭುಜ ತಾಗುವಂತೆ ನಿಂತಿದ್ದೆವು. ಎರಡು ಸುತ್ತು ಸರಿಯಾಗಿ ಬಂತು. ಮೂರನೆಯದರಲ್ಲಿ ನನ್ನ ಮುಂದಿನ ಹಳದಿ ಗಾಡಿ ಪಲ್ಟಿಯಾಯಿತು, ನನ್ನ ಬೆರಳು ಎದ್ದುಬಿಟ್ಟಿತು.

ನಾನು ಎತ್ತಲಿಲ್ಲ. ಅದೇ ಎದ್ದಿತು. ದಾರಿಯ ನಟ್ಟನಡುವೆ ನನ್ನ ಬಗ್ಗಿ ನಿಂತಿತು. ಹಿಂದೆ ಬಂದದ್ದು ಅದಕ್ಕೆ ಗುದ್ದಿತು, ಅದರ ಹಿಂದಿನದು ಅದರ ಮೇಲೇರಿತು. ಅತ್ತ ದೂರದ ತಿರುವಿನಲ್ಲಿ ಇನ್ನೊಂದು ಗಾಡಿಯೂ ಸುಮ್ಮನೆ ನಿಂತಿದ್ದು ಕಂಡಿತು. ಅದು ಪಂಪಣ್ಣನದು. ಹತ್ತು ಜನರಲ್ಲಿ ನಾವಿಬ್ಬರೇ ನಿಂತಿದ್ದೆವು.

ಯಾರೂ ಬೈಯಲಿಲ್ಲ. ಕೆಳಗಿಳಿದಾಗ ಗುದ್ದಿಸಿಕೊಂಡವರು ನಕ್ಕು, ಪರವಾಗಿಲ್ಲ ಎಂಬಂತೆ ಕೈಯಾಡಿಸಿದರು. ನಮ್ಮವರಾಗಿದ್ದರೆ ಎರಡು ಮಾತು ಬೈದು ಮುಗಿಸುತ್ತಿದ್ದರು, ನನಗೂ ಹಗುರವಾಗುತ್ತಿತ್ತು. ಹಂಪಿಯಲ್ಲಿ ಸೈಕಲ್ ಬಾಡಿಗೆ ಪಡೆದು ಎಲ್ಲರಿಗೂ ಅಡ್ಡ ಬರುವ ಫಾರಿನರುಗಳಿಗೆ ನಾವು ನಗುವುದೂ ಹೀಗೇ. ಆ ನಗೆಯ ಇನ್ನೊಂದು ಬದಿಯಲ್ಲಿ ನಿಂತರೆ ಹೇಗಿರುತ್ತದೆಂದು ಆವತ್ತು ತಿಳಿಯಿತು.

ನಮ್ಮ ರೇಸು ಮುಗಿದದ್ದೇ ಕಿತ್ತಳೆ ಅಂಗಿ ಬಂತು. ನನಗೆ ಹತ್ತಿರದ ತಿರುವು, ಪಂಪಣ್ಣನಿಗೆ ನೇರ ದಾರಿಯ ಕೊನೆ, ಗಾಡಿಗಳು ಅತಿ ವೇಗದಲ್ಲಿ ಬರುವ ಜಾಗ. ನನ್ನ ಕಾಲ ಪಕ್ಕದಲ್ಲೇ ಬಗ್ಗಿಗಳು ಕಣಜದ ಹುಳುಗಳಂತೆ ಗುಂಯ್ಗುಟ್ಟುತ್ತ ಹಾಯುತ್ತಿದ್ದವು. ನನಗೆ ನನ್ನ ಕಾಲಿನ ನೆನಪಿರಲಿಲ್ಲ. ಅವನ ಮುಂದೆ ಒಂದು ಗಾಡಿ ಮಗುಚಿತು. ಪಂಪಣ್ಣ ಸಂಡೂರಿನ ಹೊಲದಲ್ಲಿ ನಡೆದಂತೆ ನಡೆದ. ಬರುವ ಗಾಡಿಗಳ ಕಡೆಗೆ ಬೆನ್ನು, ಕಣ್ಣು ಬಿದ್ದ ಗಾಡಿಯ ಮೇಲೆ, ಅವಸರವಿಲ್ಲ. ಎಲ್ಲರೂ ತನಗಾಗಿ ನಿಂತಿದ್ದಾರೆ ಎಂಬಂಥ ನಡಿಗೆ. ಎರಡು ಬಗ್ಗಿಗಳು ಅವನ ಹಿಮ್ಮಡಿ ಸವರಿಕೊಂಡು ಹೋದವು. ಅವನಿಗೆ ಗೊತ್ತೂ ಆಗಲಿಲ್ಲ.

ಆಗ ನನ್ನ ಮುಂದೆಯೂ ಒಂದು ಗಾಡಿ ಬಿದ್ದಿತ್ತಂತೆ. ನಾನು ನೋಡಿರಲಿಲ್ಲ. ಪೀ ನೋಯ್ ಮೈಕಿನಲ್ಲಿ ನನ್ನ ಹೆಸರನ್ನು ಎರಡು ಸಲ ಕೂಗಿದಳು.

ಶನಿವಾರ ಸಂಜೆ

ಹಳದಿ ಬಾವುಟ ಕಟ್ಟಿದ ಅಂಗಡಿಯಲ್ಲಿ ಮಾಂಸ ಮೀನು ಇರುವುದಿಲ್ಲ ಎಂದು ಕಲಿತಿದ್ದೆವು. ಅಲ್ಲಿ ಕೂತು ಅನ್ನ, ಹುರಿದ ಕಾಳು, ಸೊಪ್ಪು ತಿಂದೆವು. ಪಂಪಣ್ಣ ಮೇಜಿನ ಕೆಳಗೆ ಎಡಗಾಲು ಚಾಚಿಕೊಂಡಿದ್ದ. ಮೂರು ಸಲ ರೇಸು, ಮೂರು ಸಲ ಮಾರ್ಷಲ್. ಬೆರಳು ತಾನಾಗಿ ಎದ್ದದ್ದು ನನ್ನದು ನಾಲ್ಕು ಸಲ, ಅವನದು ಅವನೇ ಹೇಳಿದಂತೆ ಲೆಕ್ಕವಿಲ್ಲದಷ್ಟು. ಇಬ್ಬರೂ ಕೆಳಗಿನ ಫೈನಲಿಗೆ ಬಿದ್ದಿದ್ದೆವು. ಅದರಲ್ಲಿ ಮೊದಲ ಇಬ್ಬರು ಮೇಲಿನ ಫೈನಲಿಗೆ ಏರುತ್ತಾರೆ. ಉಳಿದವರು ಆ ಮೇಲಿನ ಫೈನಲಿಗೆ ಮಾರ್ಷಲ್.

ಕಾಲಿನ ವಿಷಯ ಪೀ ನೋಯ್‌ಗೆ ಹೇಳೋಣ, ಹೇಳಿದರೆ ಮಾರ್ಷಲ್ ಕೆಲಸದಿಂದ ಬಿಡುತ್ತಾಳೆ ಎಂದೆ.

"ಬ್ಯಾಡ," ಎಂದ.

"ಅಣ್ಣ, ನೀ ನೋಡಿಲ್ಲ. ನಿನ್ನ ಹಿಮ್ಮಡಿಗೆ ಹತ್ತಿಕೊಂಡ ಹೋದವು."

"ಹತ್ತಲಿಲ್ಲಲ್ಲ."

"ಹತ್ತಿದ್ರ?"

ಅವನು ಸೊಪ್ಪನ್ನು ಅಲ್ಲಿ ಊಟಕ್ಕೆ ಕೊಡುವ ಜೋಡಿ ಕಡ್ಡಿಗಳಿಂದ ಎತ್ತಲು ಹೋಗಿ ಬೀಳಿಸಿ, ಕೊನೆಗೆ ಕೈಯಿಂದಲೇ ತಿಂದ. ಆಮೇಲೆ ನನ್ನ ಮುಖ ನೋಡದೆ ಮಾತಾಡಿದ. "ಊರಾಗ ಎಲ್ಲಾರೂ ನನ್ನ ಸಲುವಾಗಿ ನಿಂದರತಾರ. ಭಾಳ ದಿನ ಆತು. ಒಬ್ಬನರ ನಿಲ್ಲದ ಹೋಗ್ಲಿ ಅಂತ ಅನಿಸ್ತದ ನನಗ, ಗೊತ್ತೈತೇನು ನಿನಗ? ಇಲ್ಲಿ ಯಾರಿಗೂ ಗೊತ್ತಿಲ್ಲ. ಮಸ್ತ್ ಐತಿ. ನೀ ಹೇಳಿದ್ಯೋ, ನಾಳೆ ನಾ ಗಾಡಿನ ಓಡ್ಸೂದಿಲ್ಲ."

ನಮ್ಮ ಹೊಲದ ಆ ರೂಢಿ ನಮಗೆಲ್ಲ ಒಂದು ಹೆಮ್ಮೆಯಾಗಿತ್ತು. ಅದು ಅವನಿಗೆ ಭಾರವಾಗಿರಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ಭಾನುವಾರ, ಕೆಳಗಿನ ಫೈನಲ್

ರೇಸಿಗೆ ಮುಂಚೆ ತೋರುಬೆರಳನ್ನು ಟ್ರಿಗರಿಗೆ ಒತ್ತಿ ಹಿಡಿದುಕೊಂಡು, ಏಳಬೇಡ ಏಳಬೇಡ ಎಂದು ಅದಕ್ಕೆ ಹೇಳಿಕೊಂಡೆ. ಮಗುವಿಗೆ ಹೇಳುವ ಹಾಗೆ.

ಗಾಡಿ ಚೆನ್ನಾಗಿತ್ತು. ಶುಕ್ರವಾರ ನಾವು ತಗ್ಗಿಸಿದ ಹೊಟ್ಟೆ, ಅಂಟು ಸವರಿದ ಟೈರು, ದಪ್ಪ ಎಣ್ಣೆ ಎಲ್ಲವೂ ಒಂದೇ ಮಾತಾಡುತ್ತಿದ್ದವು. ಪಂಪಣ್ಣನದು ಇನ್ನೂ ಚೆನ್ನಾಗಿತ್ತು. ಅರ್ಧ ರೇಸಿನ ಹೊತ್ತಿಗೆ ಅವನು ಎರಡನೆಯವನು, ನಾನು ಮೂರನೆಯವಳು. ದಾರಿಯಲ್ಲಿ ಒಂದೆರಡು ಗಾಡಿ ಬಿದ್ದವು. ನನ್ನ ಬೆರಳು ಏಳಲಿಲ್ಲ. ಅವನದೂ ಏಳಲಿಲ್ಲ.

ಮುಗಿಯಲು ಸ್ವಲ್ಪವೇ ಇರುವಾಗ ಜೋಡಿ ದಿಬ್ಬದ ಮೇಲೆ ಪಂಪಣ್ಣನ ಗಾಡಿಯ ಮೂತಿ ತಗ್ಗಿತು. ಇಳಿಯುವಾಗ ತಲೆಕೆಳಗಾಗಿ ಬಿತ್ತು, ಚಕ್ರಗಳು ಆಕಾಶದ ಕಡೆ ತಿರುಗುತ್ತಿದ್ದವು. ಅಟ್ಟದ ಮೇಲೆ ಅವನು ನನ್ನಿಂದ ಮೂರು ಜನರಾಚೆ ನಿಂತಿದ್ದ. ಅವನ ಕಡೆ ನೋಡಲಿಲ್ಲ. ಮಾರ್ಷಲ್ ಹುಡುಗ ಬರುವ ಗಾಡಿಗಳಿಗಾಗಿ ಕಾಯುತ್ತಿದ್ದ. ಮೊದಲು ಹಾಯ್ದ ಗಾಡಿ ನನ್ನದೇ.

ನಾನು ನಿಲ್ಲಲಿಲ್ಲ.

ಎರಡನೆಯವಳಾಗಿ ಮುಗಿಸಿದೆ. ಅವನು ಏಳನೆಯವನು. ಕೆಳಗಿಳಿದಾಗ ಪಂಪಣ್ಣ ನನ್ನ ಬೆನ್ನು ತಟ್ಟಿ, ಜಲ್ದಿ ಬ್ಯಾಟರಿ ಬದಲಿಸು ಎಂದು ಹೇಳಿ ಕಿತ್ತಳೆ ಅಂಗಿ ತೊಡಲು ಹೋದ. ಬ್ಯಾಟರಿ ಬದಲಿಸಿ ಪಟ್ಟಿ ಬಿಗಿದೆ. ಮೇಲಿನ ಫೈನಲಿನವರು ನಮಗಿಂತ ಬಹಳ ವೇಗದವರು. ಅವರ ನಡುವೆ ಅವನು ಬೆನ್ನು ತಿರುಗಿಸಿ ನಡೆಯುತ್ತಾನೆ. ಆ ಗಾಡಿಗಳಲ್ಲಿ ಒಂದು ನನ್ನದಾಗಿರುತ್ತದೆ.

ಪೀ ನೋಯ್ ಹತ್ತಿರ ಹೋಗಿ, ನಮ್ಮಣ್ಣನ ಎಡಗಾಲಿನಲ್ಲಿ ಕಬ್ಬಿಣವಿದೆ, ಪೆಟ್ಟು ಬಿದ್ದರೆ ಮತ್ತೆ ಕೂಡುವುದಿಲ್ಲ, ನಾನು ಹೇಳಿದೆನೆಂದು ಹೇಳಬೇಡ ಎಂದು ಹೇಳಿದೆ. ಅವಳ ನಗು ನಿಂತಿತು. ಒಳಗೆ ಹೋಗಿ ನಿಂತಾಗಿದ್ದವನನ್ನು ಹೊರಗೆ ಕರೆದರೆ ಎಲ್ಲರೂ ಕಾರಣ ಕೇಳುತ್ತಾರೆ ಎಂದಳು. ಸ್ವಲ್ಪ ಯೋಚಿಸಿ ಮೈಕಿನಲ್ಲಿ ಇಬ್ಬರು ಮಾರ್ಷಲರ ಜಾಗ ಅದಲುಬದಲು ಮಾಡಿದಳು. ಪಂಪಣ್ಣನಿಗೆ ದೊಡ್ಡ ದಿಬ್ಬದ ಆಚೆಯ ಜಾಗ ಸಿಕ್ಕಿತು. ಮೇಲಿನ ಫೈನಲಿನವರು ಅಲ್ಲಿ ಬೀಳುವುದೇ ಇಲ್ಲ, ಅಲ್ಲಿ ನಿಂತವನಿಗೆ ಕೆಲಸವೇ ಇರುವುದಿಲ್ಲ ಎಂದಳು.

ಮೇಲಿನ ಫೈನಲ್

ಅವಳು ಹೇಳಿದ್ದು ಬಹಳ ಹೊತ್ತು ನಿಜವಾಗಿತ್ತು. ನಾನು ಕೊನೆಯ ಸಾಲಿನಲ್ಲಿ ಹೊರಟು ಕೊನೆಯಲ್ಲೇ ಓಡುತ್ತಿದ್ದೆ. ಪ್ರತಿ ಸುತ್ತಿಗೂ ದಿಬ್ಬದ ಆಚೆ ಕಿತ್ತಳೆ ಚುಕ್ಕೆ ಬದಿಯಲ್ಲಿ ಅಲುಗದೆ ನಿಂತಿರುವುದನ್ನು ಮೊದಲು ನೋಡಿ, ಆಮೇಲೆ ನನ್ನ ಗಾಡಿಯನ್ನು ನೋಡುತ್ತಿದ್ದೆ. ಮೊದಲ ಸ್ಥಾನದಲ್ಲಿದ್ದವನು ನನ್ನ ಹಿಂದೆ ಬಂದ. ಒಂದು ಸುತ್ತು ಮುಂದಿದ್ದ ಅವನಿಗೆ ದಾರಿ ಬಿಡಬೇಕೆಂದು ಪೀ ನೋಯ್ ಕೂಗಿದಳು, ಬಿಟ್ಟೆ. ಅವನ ಹಿಂದೆ ಇನ್ನಿಬ್ಬರು ಅಂಟಿಕೊಂಡೇ ಬರುತ್ತಿದ್ದರು.

ಅವನು ದಿಬ್ಬ ಹಾರಿದ. ಇಳಿಯುವಾಗ ಹಿಂದಿನ ಚಕ್ರ ಏನನ್ನೋ ತಟ್ಟಿ, ಯಾರೂ ಬೀಳದ ಆ ಜಾಗದಲ್ಲಿ ಗಾಡಿ ಮಗುಚಿಕೊಂಡಿತು.

ಅಷ್ಟರಲ್ಲಿ ನನ್ನ ಗಾಡಿ ದಿಬ್ಬದ ಏರು ಹತ್ತಿಯಾಗಿತ್ತು. ನನ್ನ ಹಿಂದೆ ಆ ಇಬ್ಬರು. ಕಿತ್ತಳೆ ಅಂಗಿ ದಾರಿಗೆ ಇಳಿಯುವುದು ಕಂಡಿತು. ಊರಿನ ಅದೇ ನಡಿಗೆ. ಎಡಗಾಲು ಮುಂದೆ.

ನಾಲ್ಕೂ ಚಕ್ರಗಳನ್ನು ಮೋಟರು ತಿರುಗಿಸುವ ಗಾಡಿ ಗಾಳಿಯಲ್ಲಿರುವಾಗ ಟ್ರಿಗರು ಬಿಟ್ಟರೆ ಚಕ್ರಗಳ ವೇಗ ತಗ್ಗಿ ಮೂತಿ ಕೆಳಗಾಗುತ್ತದೆ. ಮೂತಿ ಊರಿ ಬಿದ್ದ ಗಾಡಿ ಯಾವ ಕಡೆ ಉರುಳುತ್ತದೆಂದು ಹೇಳಲಾಗದು. ಇದನ್ನು ನನಗೆ ಕಲಿಸಿದವನು ಪಂಪಣ್ಣನೇ. ಇದೆಲ್ಲ ಆಗ ನೆನಪಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಬೆರಳು ಏಳಲು ಹೊರಟಿತು. ನಾನು ಅದನ್ನು ಒತ್ತಿ ಹಿಡಿದೆ. ಅಟ್ಟದ ಮೇಲಿಂದ ಕನ್ನಡದಲ್ಲಿ ಏನೋ ಕೂಗಿದೆ. ಏನೆಂದು ಈಗಲೂ ಗೊತ್ತಿಲ್ಲ. ಅಷ್ಟು ದೂರ ಅದು ಕೇಳುವಂತಿರಲಿಲ್ಲ.

ಪಂಪಣ್ಣ ತಲೆಯೆತ್ತಿ ದಿಬ್ಬದ ಕಡೆ ನೋಡಿದ. ಹಿಂದಕ್ಕೆ ಜಿಗಿಯಲಿಲ್ಲ, ಮುಂದಕ್ಕೂ ಓಡಲಿಲ್ಲ. ಒಂದು ಕಾಲು ದಾರಿಯೊಳಗೆ, ಒಂದು ಕಾಲು ಹೊರಗೆ, ಹಾಗೆಯೇ ನಿಂತುಬಿಟ್ಟ. ನನ್ನ ಗಾಡಿ ಚಪ್ಪಟೆಯಾಗಿ ಇಳಿಯುತ್ತ ಬಂತು. ಬಿದ್ದ ಗಾಡಿಗೂ ಅವನ ಎಡಗಾಲಿಗೂ ನಡುವೆ ಎಷ್ಟು ಜಾಗವಿತ್ತೋ ಅಷ್ಟರಲ್ಲಿ ನುಗ್ಗಿತು. ಅದರ ಬೆನ್ನಿಗೇ ಹಿಂದಿನ ಎರಡೂ ಅದೇ ಜಾಡಿನಲ್ಲಿ ಹಾಯ್ದವು. ಆಮೇಲೆ ಅವನು ಬಾಗಿ, ಗಾಡಿಯನ್ನು ನೆಟ್ಟಗೆ ಮಾಡಿ, ಬದಿಗೆ ಬಂದ.

ಉಳಿದ ಸುತ್ತುಗಳು ನನ್ನ ಲೆಕ್ಕದಲ್ಲಿಲ್ಲ. ಹತ್ತು ಜನರಲ್ಲಿ ಹತ್ತನೆಯವಳಾದೆ ಎಂದು ಗೋಡೆಗೆ ಹಚ್ಚಿದ ಹಾಳೆ ಹೇಳುತ್ತಿತ್ತು.

ಪಂಪಣ್ಣ ನಮ್ಮ ಮೇಜಿಗೆ ಬಂದಾಗ ನಾನು ಕುರ್ಚಿಯಲ್ಲಿ ಕೂತಿದ್ದೆ. ರಿಮೋಟು ಇನ್ನೂ ಕೈಯಲ್ಲಿತ್ತು. ಅವನ ಪ್ಯಾಂಟಿನ ಎಡಗಾಲಿನ ಮೇಲೆ, ಮೊಣಕಾಲಿನಿಂದ ಒಂದು ಗೇಣು ಕೆಳಗೆ, ಸಣ್ಣ ಹಲ್ಲಿನ ಟೈರು ಉಜ್ಜಿದ ಜೇಡಿಯ ಗೆರೆ ಇತ್ತು. ನಾನು ಎದ್ದು ಮೊಣಕಾಲೂರಿ ಪ್ಯಾಂಟು ಮಡಚಿ ನೋಡಿದೆ. ಚರ್ಮ ಹಾಗೆಯೇ ಇತ್ತು, ಕೆಂಪಗೂ ಆಗಿರಲಿಲ್ಲ. ಸುತ್ತಲಿನವರು ನೋಡುತ್ತಿದ್ದರು. ಅವನು ಬಿಡಿಸಿಕೊಳ್ಳಲಿಲ್ಲ.

"ಜಾಗ ಬದಲಿ ಮಾಡಿಸಿದಾಕಿ ನೀನ ಏನು?" ಎಂದು ಕೇಳಿದ.

ಹೌದೆಂದು ತಲೆಯಾಡಿಸಿದೆ. ಬೈಯುತ್ತಾನೆ ಎಂದುಕೊಂಡೆ. ಅವನು ಕುರ್ಚಿ ಎಳೆದುಕೊಂಡು ಕೂತು, ಪೀ ನೋಯ್ ಕಳಿಸಿದ್ದ ಐಸಿನ ಲೋಟದಿಂದ ಒಂದು ತುಂಡು ಬಾಯಿಗೆ ಹಾಕಿಕೊಂಡ.

"ನೀ ಬೆರಳ ತಗದಿದ್ರ ನನ್ನ ಕಾಲ ಹೋಗ್ತಿತ್ತು," ಎಂದ. "ನಾ ಕಂಡೆ. ಮೂತಿ ಬಾಗಲಿಲ್ಲ. ಛಲೋ ಹಿಡದಿ."

ಐಸು ಅವನ ಹಲ್ಲಿನಡಿ ಕಟಕ್ಕೆಂದಿತು. ಪಕ್ಕದ ಮೇಜಿನವರು ಗಾಡಿಗಳನ್ನು ಒರೆಸಿ ಪೆಟ್ಟಿಗೆಗೆ ಹಾಕುತ್ತಿದ್ದರು. ಅವನು ಮೈದಾನದ ಕಡೆ ನೋಡುತ್ತಲೇ ಹೇಳಿದ.

"ಕೆಳಗಿನ ಫೈನಲ್ನ್ಯಾಗ ನಾ ಬಿದ್ದಾಗ್ಲೂ ನೀ ನಿಲ್ಲಲಿಲ್ಲ."

"ಇಲ್ಲಣ್ಣ."

"ನಾನ ಕೇಳಿದ್ದೆ, ಒಬ್ಬರರ ನಿಲ್ಲದ ಹೋಗ್ಲಿ ಅಂತ." ಐಸನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸರಿಸಿದ. "ಆ ಒಬ್ಬಾಕಿ ನೀನ ಆಗ್ತಿ ಅಂದ್ಕೊಂಡಿರಲಿಲ್ಲ."

ನಂತರ ಕೈ ಚಾಚಿ ನನ್ನ ಕೈಯಿಂದ ರಿಮೋಟು ತೆಗೆದುಕೊಳ್ಳಲು ಹೋದ. ಬಿಡಲು ನೋಡಿದೆ, ಬೆರಳು ಟ್ರಿಗರಿನ ಮೇಲೆ ಸೆಟೆದುಕೊಂಡಿತ್ತು. ಪಂಪಣ್ಣ ಅದನ್ನು ಮೆಲ್ಲಗೆ, ಟೈರಿನಿಂದ ಮೊಳೆ ಕೀಳುವಷ್ಟು ಜಾಗ್ರತೆಯಿಂದ, ಬಿಡಿಸಿದ.